ಜಾಕೆಟ್ಟಿನ ಹೊಟ್ಟೆ ತುಂಬಿಸಿದ್ದು

ಏಪ್ರಿಲ್ ತಿಂಗಳಲ್ಲಿ ಚಿಕ್ಕೋಡಿಯ ಬಟ್ಟೆ ಅಂಗಡಿಗೆ ಹೋಗಿ ಚಳಿಗೆ ಹಾಕಿಕೊಳ್ಳುವ ದಪ್ಪ ಜಾಕೆಟ್ ಕೇಳಿದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ಅಂಗಡಿಯವನು ಮೊದಲು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಬಾಗಿಲಾಚೆ ಸುಡುತ್ತಿರುವ ಬಿಸಿಲು ನೋಡುತ್ತಾನೆ. ಆಮೇಲೆ ಫ್ಯಾನು ಜೋರು ಮಾಡಿ, "ಕೂಡ್ರಿ ಬಾಯಾರ, ಮೊದಲ ಒಂದೀಟ ನೀರ ಕುಡೀರಿ" ಅನ್ನುತ್ತಾನೆ. ನಾನು ನೀರು ಕುಡಿಯಲು ಹೋದವಳಲ್ಲ. ಎದ್ದು ಬಂದೆ. ಪಕ್ಕದ ಅಂಗಡಿಯಲ್ಲಿ ಹಿಂದಿನ ವರ್ಷ ಮಾರಾಟವಾಗದೆ ಉಳಿದ ಮಂಕಿ ಕ್ಯಾಪ್ ತಂದು ಮುಂದಿಟ್ಟರು. ಅಲ್ಲಿಂದಲೂ ಎದ್ದು ಬಂದೆ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಬಾಯಾರ ಎಂದು ಕರೆಯುತ್ತಾರೆ. ನಾನು ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಕಲಿಸುವವಳು, ಅದರಲ್ಲೂ ಭೂಗೋಳ. ನಿವೃತ್ತಿಯ ಹೊಸ್ತಿಲಲ್ಲಿದ್ದೆ. ಮದುವೆ ಬೇಡವೆಂದು ಹಟ ಹಿಡಿದು ಗೆದ್ದವಳು, ಆ ಕಥೆ ಇಲ್ಲಿ ಬೇಡ. ಇರುವುದು ಅಕ್ಕೋಳದಲ್ಲಿ, ಅಣ್ಣ ಮತ್ತು ವೈನಿಯ ಜೊತೆ. ವೈನಿ ಎಂದರೆ ಅಣ್ಣನ ಹೆಂಡತಿ. ಊರಿನವರಂತೆ ಅವರೂ ನನ್ನನ್ನು ಬಾಯಾರ ಅನ್ನುತ್ತಾರೆ. ಮರ್ಯಾದೆ ಮಾತ್ರ ಆ ಒಂದು ಪದಕ್ಕೇ ಮುಗಿಯುತ್ತದೆ, ಮುಂದಿನದೆಲ್ಲ ಏಕವಚನ.

ನಾನು ಇಷ್ಟು ವರ್ಷ ಕರಿಹಲಗೆಯ ಮೇಲೆ ಬಿಳಿ ಸುಣ್ಣದ ಕಡ್ಡಿಯಿಂದ ಹಿಮಾಲಯ ಬರೆದಿದ್ದೇನೆ. ಹಿಮನದಿ ಬರೆದಿದ್ದೇನೆ, ಹಿಮರೇಖೆ ಬರೆದಿದ್ದೇನೆ, ಅದರ ಕೆಳಗೆ ಗೆರೆ ಎಳೆದು ಪರೀಕ್ಷೆಗೆ ಬರುತ್ತದೆ ಎಂದು ಹೇಳಿದ್ದೇನೆ. ಹಿಮವನ್ನು ಮಾತ್ರ ಕಣ್ಣಿಂದ ಕಂಡಿರಲಿಲ್ಲ. ಫ್ರಿಜ್ಜಿನಲ್ಲಿ ಗಟ್ಟಿಯಾಗುವ ಬರ್ಫ ಬೇರೆ, ಅದು ಬೇರೆ, ಇಷ್ಟು ಪುಸ್ತಕದಿಂದ ಗೊತ್ತು. ಒಮ್ಮೆ ಅದರ ಮೇಲೆ ಕಾಲಿಟ್ಟು ನಿಲ್ಲಬೇಕು, ಬೇರೇನೂ ಬೇಡ, ಅಷ್ಟೇ ನನ್ನ ಆಸೆ.

ನಿಪ್ಪಾಣಿಯಲ್ಲಿ ಮುಂಜಾನೆ ನಡೆಯುವ ಹೆಂಗಸರ ಗುಂಪೊಂದಿದೆ. ಬೇಸಿಗೆ ರಜೆಯಲ್ಲಿ ಆ ಗುಂಪು ಹಿಮಾಚಲದ ಕಡೆ ಟ್ರೆಕ್ಕಿಗೆ ಹೋಗುತ್ತದೆ, ಹಿಮ ಬಿದ್ದ ಒಂದು ಘಾಟು ಹತ್ತಿ ಇಳಿದು ಬರುತ್ತದೆ. ಕರೆದುಕೊಂಡು ಹೋಗುವವರು ಕಾಗವಾಡದ ಕಡೆಯವರು, ಬಾಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ, ನಿಯಮದಲ್ಲಿ ಮಾತ್ರ ಅರ್ಧಂಬರ್ಧ ಇಲ್ಲ. ಅರವತ್ತು ದಾಟಿದವರನ್ನು ಅವರು ಘಾಟು ಹತ್ತಿಸುವುದಿಲ್ಲ. ಒಂದು ವರ್ಷ ಚುನಾವಣೆ ಡ್ಯೂಟಿ ನನ್ನನ್ನು ತಡೆಯಿತು. ಮರುವರ್ಷ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದೆ. ಬರುವ ಮಳೆಗಾಲಕ್ಕೆ ನನಗೆ ಅರವತ್ತು ತುಂಬುತ್ತಿತ್ತು. ಅಂದರೆ ಈ ಬೇಸಿಗೆ, ಇಲ್ಲವಾದರೆ ಇಲ್ಲ. ಈ ವಯಸ್ಸಿನ ನಿಯಮವನ್ನು ಮನೆಯಲ್ಲಿ ನಾನು ಹೇಳಲಿಲ್ಲ. ಹೇಳಿದ್ದರೆ ವೈನಿ, ಇದೊಂದು ವರ್ಷ ಹಿಡಿದಿಟ್ಟರೆ ಜನ್ಮದ ಚಿಂತೆ ಕಳೆಯಿತು ಎಂದು ನನ್ನ ಚೀಲಕ್ಕೆ ಬೀಗ ಹಾಕುತ್ತಿದ್ದರು.

ವೈನಿಗೆ ಈ ಹುಚ್ಚು ಸುತರಾಂ ಇಷ್ಟವಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತು ಬೆನ್ನು ತಿಕ್ಕಿದವರು ಅವರೇ. ನಾನು ಉಸಿರು ಎಳೆಯುವಾಗ ಬರುತ್ತಿದ್ದ ಸಪ್ಪಳ ಅವರ ಕಿವಿಯಿಂದ ಇನ್ನೂ ಹೋಗಿರಲಿಲ್ಲ. "ಸತ್ತ ಬದುಕಿ ಬಂದಾಕಿ ನೀ. ಮತ್ತ ಹೋಗಿ ಬರ್ಫದಾಗ ನಿಂದರ್ತೀ ಅಂದ್ರ ಏನ ಅನ್ನಬೇಕ ನಿನಗ?" ಎಂದು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಅಣ್ಣ ಈ ವಿಷಯ ಬಂದಾಗಲೆಲ್ಲ ಕಬ್ಬಿಗೆ ನೀರು ಬಿಡುವ ನೆಪ ತೆಗೆದು ಎದ್ದು ಹೋಗುತ್ತಿದ್ದ.

ಚಿಕ್ಕೋಡಿಯ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿ, "ಹೋಗಿ ಬರ್ರಿ. ಆದ್ರ ಎದಿಗೆ ಥಂಡಿ ಹತ್ತಬಾರದು. ತೊಯ್ಸಿಕೋಬಾರದು. ಬೆನ್ನಿಗೆ ಭಾಳ ವಜ್ಜಿನೂ ಹಾಕ್ಕೋಬಾರದು" ಎಂದರು. ನಾನು ಖುಷಿಯಿಂದ ಹೊರಗೆ ಬಂದೆ. ಆ ಮೂರು ಮಾತುಗಳು ಒಂದಕ್ಕೊಂದು ಹೊಡೆದಾಡುತ್ತವೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹೊಡೆದಾಟ ಹೀಗೆ. ಚಳಿ ಜಾಕೆಟ್ಟುಗಳಲ್ಲಿ ಎರಡು ಜಾತಿ. ಒಂದರೊಳಗೆ ಬಾತುಕೋಳಿಯ ಎದೆಯ ನವಿರಾದ ತುಪ್ಪಳ ತುಂಬಿರುತ್ತಾರೆ, ಅದಕ್ಕೆ ಡೌನ್ ಎಂದು ಹೆಸರು. ಅದು ಗಾಳಿಯಷ್ಟು ಹಗುರ, ಮಡಚಿದರೆ ಚೀಲದ ಮೂಲೆಯಲ್ಲಿ ಕೂರುತ್ತದೆ, ಬಹಳ ಬೆಚ್ಚಗೆ. ಆದರೆ ಒದ್ದೆಯಾದರೆ ಮುಗಿಯಿತು, ಉಂಡೆಗಟ್ಟಿ ಕೆಲಸಕ್ಕೆ ಬಾರದ್ದಾಗುತ್ತದೆ. ಇನ್ನೊಂದರೊಳಗೆ ಪಾಲಿಯೆಸ್ಟರ್ ಎಳೆ, ಅದು ಸಿಂಥೆಟಿಕ್. ತೊಯ್ದರೂ ಬೆಚ್ಚಗಿರುತ್ತದೆ, ನಲ್ಲಿಯ ಕೆಳಗೆ ತೊಳೆದು ಒಣಹಾಕಬಹುದು. ಆದರೆ ಭಾರ, ಅರ್ಧ ಚೀಲ ಅದೇ ನುಂಗುತ್ತದೆ. ಭಾರ ಬೇಡ ಅಂದರೆ ತೊಯ್ಯುವ ಭಯ, ತೊಯ್ಯಬಾರದು ಅಂದರೆ ಭಾರ. ಡಾಕ್ಟರು ಎರಡೂ ಬೇಡ ಅಂದಿದ್ದರು. ಎರಡೂ ಇಲ್ಲದ ಜಾಕೆಟ್ಟನ್ನು ಯಾವ ಪುಣ್ಯಾತ್ಮನೂ ಇನ್ನೂ ಹೊಲಿದಿಲ್ಲ.

ಯಾವುದು ತೆಗೆದುಕೊಳ್ಳಲಿ ಎಂದು ಗೊತ್ತಿದ್ದವರನ್ನು ಕೇಳಿದೆ. ಕೇಳಿದ್ದೇ ತಪ್ಪಾಯಿತು. ಕಾಗವಾಡದ ಮುಖಂಡರು, "ಡೌನ್ ತಗೋರಿ ಟೀಚರ್, ಮುಷ್ಟಿಯೊಳಗ ಹಿಡಿತೈತಿ" ಎಂದರು. ನಮ್ಮ ಶಾಲೆಯಲ್ಲೇ ವಿಜ್ಞಾನ ಕಲಿಸುವ ರಾಯಬಾಗದ ಗೆಳತಿ ಹಿಂದಿನ ವರ್ಷ ಆ ಘಾಟು ಹತ್ತಿ ಬಂದವಳು. ಅವಳು, "ಡೌನ್ ಅಂದವ್ರ ಮಾತ ಕೇಳಬ್ಯಾಡ್ರಿ. ಮಧ್ಯಾಹ್ನ ಆತಂದ್ರ ಅಲ್ಲಿ ಆಲಿಕಲ್ಲ ಮಳಿ. ಸಿಂಥೆಟಿಕ್ ಇದ್ರ ಜೀವಕ್ಕ ಸಮಾಧಾನ" ಎಂದಳು. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಗಡ್ಡ ಬಿಟ್ಟ ಗಂಡಸರು ಮಂಜಿನಲ್ಲಿ ನಿಂತು ಬಹಳ ಹೊತ್ತು ಇಂಗ್ಲಿಷಿನಲ್ಲಿ ವಿವರಿಸಿ, ಕೊನೆಗೆ ಅವರವರ ಅಗತ್ಯ ನೋಡಿಕೊಂಡು ಆರಿಸಿಕೊಳ್ಳಿ ಎಂದು ಮುಗಿಸುತ್ತಿದ್ದರು. ನನ್ನ ಅಗತ್ಯ ನನಗೆ ಗೊತ್ತಿದ್ದರೆ ನಿನ್ನ ಗಡ್ಡ ನೋಡುತ್ತ ಯಾಕೆ ಕೂರುತ್ತಿದ್ದೆ ಮಾರಾಯ. ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ. ನೆಲದ ಮೇಲೆ ಎಸೆಯುವಷ್ಟು ಸಿಟ್ಟು ಬಂದಿತ್ತು, ಬುದ್ಧಿ ತಡೆಯಿತು.

ಕೊನೆಗೆ ಗೆಳತಿಯೇ ಒಂದು ಉಪಾಯ ಹುಡುಕಿದಳು. ಅವಳ ತಮ್ಮನದು ಅಥಣಿಯ ಆಚೆ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್. ಸುತ್ತಲಿನ ತೋಟದವರು ದ್ರಾಕ್ಷಿ ಒಣಗಿಸಿ ಪೆಟ್ಟಿಗೆ ತುಂಬಿ ರೇಟು ಬರುವವರೆಗೆ ಅಲ್ಲಿ ಇಡುತ್ತಾರೆ. "ಜಗತ್ತ ಎಲ್ಲಾ ಉರಿಯಾಕತ್ತಿದ್ರೂ ಅದ್ರೊಳಗ ಹಲ್ಲ ಕಟಕಟ ಅಂತಾವು. ಎರಡೂ ಜಾಕೆಟ್ ಅಲ್ಲೇ ಹಾಕಿ ನೋಡಿಬಿಡೂಣು" ಎಂದಳು. ನನಗೆ ಅದು ವೈಜ್ಞಾನಿಕವೆಂದೇ ತೋರಿತು. ಅವಳ ಸಿಂಥೆಟಿಕ್ ಜಾಕೆಟ್ಟು, ಮುಖಂಡರಿಂದ ಎರವಲು ತಂದ ಅವರ ಹೆಂಡತಿಯ ಡೌನ್ ಜಾಕೆಟ್ಟು, ಎರಡನ್ನೂ ಹೆಗಲಿಗೇರಿಸಿ ರವಿವಾರ ಬಸ್ಸು ಹತ್ತಿದೆವು. ಬೆವರಿನಲ್ಲಿ ಮಿಂದು, ತೊಡೆಯ ಮೇಲೆ ಎರಡು ಚಳಿ ಜಾಕೆಟ್ಟು ಇಟ್ಟುಕೊಂಡು ಕೂತ ಇಬ್ಬರು ಹೆಂಗಸರನ್ನು ಕಂಡಕ್ಟರು ಇಳಿಯುವವರೆಗೂ ತಿರುಗಿ ತಿರುಗಿ ನೋಡಿದ.

ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು. ಒಳಗೆ ಸೂರಿನವರೆಗೆ ಪೆಟ್ಟಿಗೆಗಳು, ಒಣದ್ರಾಕ್ಷಿಯ ಹುಳಿಸಿಹಿ ವಾಸನೆ. ಬೆವರು ಬೆನ್ನ ಮೇಲೇ ತಣ್ಣಗಾಯಿತು. ಡೌನ್ ಹಾಕಿಕೊಂಡು ನಿಂತೆ, ಬೆಚ್ಚಗಿತ್ತು. ಅದನ್ನು ತೆಗೆದು ಸಿಂಥೆಟಿಕ್ ಹಾಕಿಕೊಂಡು ನಿಂತೆ, ಅದೂ ಬೆಚ್ಚಗಿತ್ತು. ಮತ್ತೆ ಡೌನ್. ಮತ್ತೆ ಸಿಂಥೆಟಿಕ್. "ಏನರ ಫರಕ್ ಗೊತ್ತಾತೇನ್ರಿ?" ಎಂದು ಗೆಳತಿ ಸೆರಗು ಹೊದ್ದು ನಡುಗುತ್ತ ಕೇಳಿದಳು. ಏನೂ ಗೊತ್ತಾಗಲಿಲ್ಲ. ನಡೆಯದೆ ನಿಂತಲ್ಲೇ ನಿಂತರೆ ಏನು ಗೊತ್ತಾದೀತು? ಅಲ್ಲಿ ಮಳೆಯೂ ಇರಲಿಲ್ಲ, ಏರೂ ಇರಲಿಲ್ಲ. ತೆಗೆದು ಹಾಕುವ ಭರದಲ್ಲಿ ಥಂಡಿ ತಗುಲಿ ಹೊರಗೆ ಬಂದ ಮೇಲೆ ಕೆಮ್ಮು ಶುರುವಾಯಿತು, ಅಷ್ಟೇ ಆ ಪ್ರಯೋಗದ ಫಲ. ಅವಳ ತಮ್ಮ ಎರಡು ಮುಷ್ಟಿ ಒಣದ್ರಾಕ್ಷಿ ಕೊಟ್ಟು ಕಳಿಸಿದ. ಕೆಮ್ಮನ್ನು ವೈನಿಯಿಂದ ಮುಚ್ಚಿಡಲು ನಾನು ಒಂದು ವಾರ ಹಿತ್ತಲಲ್ಲೇ ಹೆಚ್ಚು ಓಡಾಡಿಕೊಂಡಿದ್ದೆ.

ಕೊನೆಗೆ ಸಿಟ್ಟಿನಲ್ಲಿಯೇ ನಿರ್ಧಾರ ಮಾಡಿದೆ. ಕೊಲ್ಲಾಪುರಕ್ಕೆ ಹೋಗಿ ಟ್ರೆಕ್ಕಿನ ಸಾಮಾನು ಮಾರುವ ಅಂಗಡಿಯಲ್ಲಿ ಡೌನ್ ಜಾಕೆಟ್ಟನ್ನೇ ತಂದೆ. ಎದೆಗೆ ಭಾರ ಆಗಬಾರದು, ಮಳೆ ಬಂದರೆ ಮೇಲೆ ರೇನ್‌ಕೋಟ್ ಹಾಕಿಕೊಂಡರಾಯಿತು ಎಂದು ಮನಸ್ಸನ್ನು ಒಪ್ಪಿಸಿದೆ. ನೀಲಿ ಬಣ್ಣದ್ದು, ಅಡ್ಡಅಡ್ಡ ಪಟ್ಟಿ, ಪ್ರತಿ ಪಟ್ಟಿಯೂ ಉಬ್ಬಿ ನಿಂತಿತ್ತು. ಹಾಕಿಕೊಂಡರೆ ಹಾಕಿಕೊಂಡ ಹಾಗೇ ಇರಲಿಲ್ಲ. ಅಂಗಡಿಯ ಕನ್ನಡಿಯಲ್ಲಿ ನನ್ನನ್ನು ನೋಡಿ ಬಹಳ ದಿನದ ಮೇಲೆ ನಕ್ಕೆ.

ಮನೆಯಲ್ಲಿ ಒಂದು ತೊಡಕಿತ್ತು. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಬಾತುಕೋಳಿಯ ತುಪ್ಪಳ ಎಂದರೆ ವೈನಿ ಜಾಕೆಟ್ಟನ್ನು ಕೋಲಿನ ತುದಿಯಿಂದಲೂ ಮುಟ್ಟುತ್ತಿರಲಿಲ್ಲ, ನನ್ನನ್ನೂ ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಅದಕ್ಕೆ ಅವರು ಒತ್ತಿ ಒತ್ತಿ ನೋಡುತ್ತ, "ಏನ ತುಂಬ್ಯಾರ ಇದ್ರಾಗ?" ಎಂದು ಕೇಳಿದಾಗ, "ಒಂದ ನಮೂನಿ ಅರಳಿ ಇರಬೇಕ್ರಿ" ಎಂದು ಹತ್ತಿಯ ಹೆಸರು ಹೇಳಿದೆ. ಹೊಲಿಗೆಯ ಸಂದಿಯಿಂದ ಬೆಳ್ಳನೆಯ ಒಂದು ಎಳೆ ಹೊರಗೆ ಬಂದಿತ್ತು. ವೈನಿ ಅದನ್ನು ಎರಡು ಬೆರಳಲ್ಲಿ ಹಿಡಿದು ಊದಿ, "ಬೂರಲ ಅರಳಿ ಇದ್ದಂಗ ಐತಿ. ಆದ್ರ ಇದು ಒಂದ ಕಡೆ ನಿಂದ್ರಂಗಿಲ್ಲಲ್ಲ ಬಾಯಾರ, ನೋಡಿಲ್ಲಿ, ಎಲ್ಲಾ ಕೆಳಗ ಸರದೈತಿ. ನಿನಗ ಮೋಸ ಮಾಡ್ಯಾರ" ಎಂದರು. ಇದು ಹೀಗೇ ಇರುತ್ತದೆ ಎಂದು ಹೇಳಿ ಜಾಕೆಟ್ಟನ್ನು ಅದರ ಸಣ್ಣ ಚೀಲಕ್ಕೆ ತುರುಕಿ, ಆ ಚೀಲವನ್ನು ದೊಡ್ಡ ಚೀಲಕ್ಕೆ ತುರುಕಿ ಕೈ ತೊಳೆದುಕೊಂಡೆ.

ವೈನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಕ್ಕೋಳದಲ್ಲಿ ಅವರ ಹಾಗೆ ಕೌದಿ ಹೊಲಿಯುವವರು ಇಲ್ಲ. ಹಳೆಯ ಸೀರೆ, ಧೋತರ ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಶುರು ಮಾಡಿ ನಡುವಿನವರೆಗೆ ಸಣ್ಣಸಣ್ಣ ಹೊಲಿಗೆ ಹಾಕುತ್ತ ಬರುತ್ತಾರೆ. ಒಂದು ಹೊಲಿಗೆ ಇನ್ನೊಂದಕ್ಕಿಂತ ಉದ್ದ ಇರುವುದಿಲ್ಲ. ಒಳಗಿನ ಬಟ್ಟೆ ಅಲುಗಬಾರದು, ಅಲುಗಿದರೆ ಥಂಡಿ ನುಸುಳುತ್ತದೆ, ಅದು ಅವರ ಶಾಸ್ತ್ರ. ಇನ್ನೊಂದು ಪದ್ಧತಿಯೂ ಇದೆ. ಕೌದಿ ಮುಗಿಯುವಾಗ ಕೊನೆಯ ತುಂಡನ್ನು ಸ್ವಲ್ಪ ಬಿಚ್ಚಿಟ್ಟು, ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿದು ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವಂತೆ.

ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಲು ನಾನು ದಿನಾ ಬೆಳಿಗ್ಗೆ ಚಿಕ್ಕೋಡಿಗೆ ಹೋಗಿ ಸಂಜೆ ಬರುತ್ತಿದ್ದೆ. ಬಂದವಳು ಸುಸ್ತಾಗಿ ಉರುಳುತ್ತಿದ್ದೆ. ಕಟ್ಟಿಟ್ಟ ಚೀಲ ತೆರೆದು ನೋಡುವ ಕಾರಣವಿರಲಿಲ್ಲ. ಹೊರಡುವ ಹಿಂದಿನ ದಿನ ಮನೆಯಲ್ಲಿ ಹೋಳಿಗೆಯ ವಾಸನೆ. ನನ್ನನ್ನು ಕಳಿಸಲು ಮನಸ್ಸಿಲ್ಲದವರು ಹೋಳಿಗೆ ಮಾಡಿದರಲ್ಲ ಎಂದು ಒಂದು ಹೆಚ್ಚೇ ತಿಂದೆ. ಊಟ ಆದ ಮೇಲೆ ವೈನಿ ಒಳಗಿನಿಂದ ಮಡಚಿದ ನೀಲಿ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಕಾಲರಿಗೆ ಅರಿಶಿನ ಕುಂಕುಮ ಹಚ್ಚಿತ್ತು. "ತಗೋ. ಇನ್ನ ಹೋಗು ಎಲ್ಲಿಗಾದ್ರೂ" ಎಂದರು.

ಬಿಡಿಸಿ ನೋಡಿದೆ. ನನ್ನ ಜಾಕೆಟ್ಟು. ಎದೆ, ಬೆನ್ನು, ಎರಡು ತೋಳು, ಎಲ್ಲಿಯೂ ಬೆರಳಿಡುವಷ್ಟು ಜಾಗ ಬಿಡದೆ ಕೆಂಪು ದಾರದಿಂದ ಕೌದಿಯ ಹೊಲಿಗೆ. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ, ಸೂಜಿ ಪೂರ್ತಿ ಹಾದುಹೋಗಿದೆ. ಉಬ್ಬಿ ನಿಂತಿದ್ದ ಪಟ್ಟಿಗಳು ಚಪ್ಪಟೆಯಾಗಿ ಹಪ್ಪಳವಾಗಿದ್ದವು. ಕೈಯಲ್ಲಿ ಹಿಡಿದು ಕೊಡವಿದರೆ ಪ್ರತಿ ತೂತಿನಿಂದಲೂ ಬಿಳಿ ತುಪ್ಪಳ ಹಾರಿ ಅಂಗಳದ ದೀಪದ ಬೆಳಕಿನಲ್ಲಿ ತೇಲಿತು. ಕೆಳಗಿನ ಬಲ ಮೂಲೆಯಲ್ಲಿ ಒಂದು ಗಟ್ಟಿ ಗಂಟು ಕೈಗೆ ತಗುಲಿತು. ಹೋಳಿಗೆ.

"ವೈನಿ, ಏನ ಮಾಡಿದ್ರಿ ಇದನ್ನ?"

"ಏನ ಮಾಡ್ಲಿ? ಅರಳಿ ಓಡ್ಯಾಡ್ತಿತ್ತು, ಹಿಡದ ಕುಂದ್ರಿಸಿದೆ. ಮಧ್ಯಾಹ್ನ ಒಂದೀಟೂ ಅಡ್ಡ ಆಗಿಲ್ಲ ನಾ."

"ತೂತ ಬಿದ್ದಾವ್ರೀ. ಥಂಡಿ ಒಳಗ ಬರ್ತೈತಿ."

"ಕೌದಿಗೆ ತೂತ ಇರಂಗಿಲ್ಲೇನು? ಹುಟ್ಟಿದಾಗಿಂದ ಕೌದಿಯೊಳಗ ಮಲಗಾಕಿ ನೀ. ಎಂದರ ಥಂಡಿ ಬಂದೈತಿ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಕೌದಿ ಬೆಚ್ಚಗಾಗುವುದು ಒತ್ತಾಗಿ ಕೂತ ಬಟ್ಟೆಯಿಂದ, ಈ ಜಾಕೆಟ್ಟು ಬೆಚ್ಚಗಾಗುವುದು ಉಬ್ಬಿದ ತುಪ್ಪಳದ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಅದನ್ನು ಒತ್ತಿಬಿಟ್ಟರೆ ಗಾಳಿ ಹೋಯಿತು, ಶಾಖವೂ ಹೋಯಿತು. ಆದರೆ ಇಷ್ಟು ಹೇಳಬೇಕಾದರೆ ಒಳಗಿರುವುದು ಅರಳೆ ಅಲ್ಲ ಎಂದು ಹೇಳಬೇಕಿತ್ತು. ಬಾತುಕೋಳಿ ಎನ್ನಬೇಕಿತ್ತು. ದೇವರಿಗೆ ಎಡೆ ತೋರಿಸಿದ ಹೋಳಿಗೆಯ ಚೂರನ್ನು ಅವರು ಅದರೊಳಗಿಟ್ಟು ಹೊಲಿದಿದ್ದರು. ನನಗೆ ಕೂಗಬೇಕು ಅನ್ನಿಸಿತು, ಜಾಕೆಟ್ಟನ್ನು ಹರಿದು ಬಾವಿಗೆ ಎಸೆಯಬೇಕು ಅನ್ನಿಸಿತು. ಆ ಸಿಟ್ಟಿಗೆ ಹೊರಗೆ ಬರಲು ಬಾಗಿಲೇ ಇರಲಿಲ್ಲ. ವೈನಿ ಸೂಜಿ ಚುಚ್ಚಿ ಒರಟಾದ ಬೆರಳುಗಳನ್ನು ಸೆರಗಿಗೆ ಒರೆಸುತ್ತ, ನಾನು ಏನಾದರೂ ಅನ್ನುತ್ತೇನೆ ಎಂದು ಕಾಯುತ್ತಿದ್ದರು. "ಛಲೋ ಆಗೈತ್ರಿ" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಇನ್ನೊಂದು ಜಾಕೆಟ್ಟು ತರಲು ಸಮಯವಿರಲಿಲ್ಲ. ಎರವಲು ತಂದಿದ್ದ ಡೌನ್ ಜಾಕೆಟ್ಟು ಆಗಲೇ ಕಾಗವಾಡಕ್ಕೆ ಹಿಂದಿರುಗಿತ್ತು, ಸಿಂಥೆಟಿಕ್ಕನ್ನು ಗೆಳತಿ ತಾನೇ ಹಾಕಿಕೊಳ್ಳಲಿದ್ದಳು. ಮಿರಜದಲ್ಲಿ ರೈಲು ಹತ್ತಿದ ಮೇಲೆ ಹೊಲಿಗೆ ಬಿಚ್ಚಿದರೆ ಮತ್ತೆ ಉಬ್ಬೀತು ಎಂಬ ಆಸೆಯಿಂದ ಸಣ್ಣ ಕತ್ತರಿ ತೆಗೆದು ಎಡಗೈ ತೋಳಿನಿಂದ ಶುರು ಮಾಡಿದೆ. ದಾರ ಎಳೆದ ಹಾಗೆಲ್ಲ ತೂತು ದೊಡ್ಡದಾಗಿ ತುಪ್ಪಳ ಹೊರಗೆ ಬಂತು. ಎದುರಿನ ಸೀಟಿನ ಅಜ್ಜ ಮೂರು ಸಲ ಸೀನಿ, ಮರಾಠಿಯಲ್ಲಿ, ಹಾಸಿಗೆಯ ಹತ್ತಿ ಪಿಂಜುವ ಕೆಲಸ ಮನೆಯಲ್ಲಿ ಮುಗಿಸಿ ಬರಬಾರದಿತ್ತೇ ಬಾಯಿ ಎಂದ. ಅಂಗೈ ಅಗಲದಷ್ಟು ಬಿಚ್ಚಿ ನಿಲ್ಲಿಸಿದೆ. ಗೆಳತಿ ನನ್ನ ಮುಖ ನೋಡಿ ನಗು ನುಂಗಿಕೊಂಡಳು.

ಬೆಟ್ಟದ ಬುಡದ ಊರಿನಲ್ಲಿ ಜಾಕೆಟ್ಟು ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಗೆಳತಿ, "ಇಲ್ಲೇ ಒಂದು ತಗೊಂಡಬಿಡ್ರಿ" ಎಂದಳು. ನಾನು ಹೋಗಿ ನೋಡಿದೆ. ನನ್ನ ಅಳತೆಯದು ಯಾವುದೂ ಇರಲಿಲ್ಲ. ಇದ್ದವೆಲ್ಲ ಕಡ್ಡಿಯಂಥ ಹುಡುಗಿಯರಿಗೆ ಹೊಲಿದವು, ನನ್ನ ಹೊಟ್ಟೆಯ ಮೇಲೆ ಜಿಪ್ಪು ಕೂಡಲೇ ಇಲ್ಲ. ಇರಲಿ, ಎರಡು ಸ್ವೆಟರ್ ಒಳಗೆ ಹಾಕಿಕೊಂಡು ಇದನ್ನೇ ಮೇಲೆ ಹಾಕಿಕೊಂಡರೆ ನಡೆದೀತು ಎಂದು ಹೊರಟೆ. ಬೇಸ್ ಕ್ಯಾಂಪಿಗೆ ಹತ್ತುವ ದಾರಿಯಲ್ಲಿ ಮಧ್ಯಾಹ್ನ ಗೆಳತಿ ಹೇಳಿದ ಹಾಗೆಯೇ ಆಲಿಕಲ್ಲಿನ ಮಳೆ ಹಿಡಿಯಿತು. ರೇನ್‌ಕೋಟ್ ಹಾಕಿಕೊಳ್ಳುವಷ್ಟರಲ್ಲಿ ಹೆಗಲು ತೊಯ್ದಿತ್ತು. ಮಾಮೂಲಿ ಜಾಕೆಟ್ಟಾಗಿದ್ದರೆ ಅಷ್ಟು ನೀರು ಮೇಲೆಯೇ ಜಾರಿ ಹೋಗುತ್ತಿತ್ತು. ನನ್ನದಕ್ಕೆ ಮೈಯೆಲ್ಲ ಬಾಯಿ. ಕ್ಯಾಂಪಿಗೆ ಮುಟ್ಟುವಾಗ ಹೆಗಲ ಭಾಗದ ತುಪ್ಪಳ ನೆನೆದ ಅನ್ನದ ಮುದ್ದೆಯಂತೆ ಅಲ್ಲಲ್ಲಿ ಕೂತಿತ್ತು.

ಮರುದಿನ ಬೆಳಿಗ್ಗೆ ಮುಖಂಡರು ಎಲ್ಲರ ಸಾಮಾನು ಪರೀಕ್ಷೆ ಮಾಡಿದರು. ಶೂ, ಕೈಗವಸು, ಜಾಕೆಟ್ಟು. ನನ್ನ ಜಾಕೆಟ್ಟನ್ನು ತೆಗೆದುಕೊಂಡು ಬಿಸಿಲಿಗೆ ಎತ್ತಿ ಹಿಡಿದರು. ತೂತುಗಳೆಲ್ಲ ಬೆಳಗಿದವು. ಹಿಂದೆ ಮುಂದೆ ತಿರುಗಿಸಿದರು, ಹಿಂಡಿದರು, ಬೆರಳು ಒದ್ದೆಯಾಯಿತು.

"ಟೀಚರ್, ಇದು ಕೌದಿ ಆಗೇತಲ್ರಿ."

"ಹೌದ್ರಿ."

"ಯಾರ ಮಾಡಿದ್ರು?"

"ನಮ್ಮ ವೈನಿ."

ಅವರು ನಗಲಿಲ್ಲ. ನಕ್ಕಿದ್ದರೆ ಅವರ ಜೊತೆ ಜಗಳವಾದರೂ ಆಡಬಹುದಿತ್ತು. "ಇದನ್ನ ಹಾಕ್ಕೊಂಡ ನಿಮ್ಮನ್ನ ಮ್ಯಾಲ ಕರ್ಕೊಂಡ ಹೋಗಾಕ ನನ್ನ ಕೈಲೆ ಆಗೂದಿಲ್ರಿ. ನಿಮ್ಮ ಎದಿ ಮೊದಲ ನಾಜೂಕ ಐತಿ. ಮ್ಯಾಲ ಏನರ ಆದ್ರ ಇಳಿಸಿ ತರಾಕ ಒಂದ ದಿನ ಹಿಡಿತೈತಿ" ಎಂದರು. ಗೆಳತಿ ತನ್ನ ಜಾಕೆಟ್ಟನ್ನು ಬಿಚ್ಚಿ ಕೊಡಲು ಬಂದಳು. ನಾನು ಅವಳನ್ನು ಬೈದೆ. ಅವಳಿಗೂ ಹತ್ತಬೇಕಿತ್ತಲ್ಲ. ವಾದ ಮಾಡಿದೆ, ಎಲ್ಲರ ಸ್ವೆಟರ್ ಹಾಕಿಕೊಳ್ಳುತ್ತೇನೆ ಎಂದೆ, ಬರೆದು ಕೊಡುತ್ತೇನೆ ಎಂದೆ. ಅವರು ಪಾಪ, ತಲೆ ಬಗ್ಗಿಸಿ ಕೇಳುತ್ತ ನಿಂತರೇ ಹೊರತು ಹೂಂ ಅನ್ನಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಎಲ್ಲರೂ ಸಾಲಾಗಿ ಏರು ಹತ್ತಿ ಹೋದರು. ಗೆಳತಿಯ ಹಸಿರು ಜಾಕೆಟ್ಟು ತಿರುವಿನಲ್ಲಿ ಮರೆಯಾಗುವವರೆಗೆ ಕಂಡಿತು. ಕ್ಯಾಂಪಿನಲ್ಲಿ ಉಳಿದವರು ನಾನು, ಅಡುಗೆಯವ ಮತ್ತು ಮೈತುಂಬ ರೋಮವಿದ್ದ ಒಂದು ನಾಯಿ. ಅಲ್ಲಿ ಹಿಮ ಇರಲಿಲ್ಲ. ಕುರಿ ಮೇಯುವ ಹುಲ್ಲು, ಕೆಸರು. ಹಿಮ ಮೇಲೆ ಕಾಣುತ್ತಿತ್ತು, ಬೆಳ್ಳಗೆ, ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಗೆರೆ ಇದ್ದ ಹಾಗೆಯೇ. ನಡೆದೇ ಹೋಗಿಬಿಡಲೇ ಎಂದು ಎದ್ದು ನಿಂತೆ, ಸ್ವಲ್ಪ ದೂರ ಹೋದೆ ಕೂಡ. ಏದುಸಿರು ಬಂತು, ಮೋಡ ಕವಿಯಿತು, ಅಡುಗೆಯವ ಹಿಂದಿಯಲ್ಲಿ ಕೂಗುತ್ತ ಓಡಿಬಂದ. ಮೇಲೆ ಹೋದವರು ಮರಳಿ ಬರುವವರೆಗೆ ಅಡುಗೆ ಟೆಂಟಿನಲ್ಲಿ ಸ್ಟೋವಿನ ಪಕ್ಕ ಆ ಕೆಂಪು ದಾರದ ಜಾಕೆಟ್ಟು ಹಾಕಿಕೊಂಡು, ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಜಾಕೆಟ್ಟು ಒಣಗಿತು, ಉಬ್ಬಲಿಲ್ಲ. ನಾಯಿ ನನ್ನನ್ನು ಬಿಟ್ಟು ಕದಲಲಿಲ್ಲ. ಪ್ರೀತಿಯಿಂದಲ್ಲ, ಹೋಳಿಗೆಯಿದ್ದ ಮೂಲೆಯನ್ನು ಮೂಸಲು. ಒಮ್ಮೆ ಆ ಮೂಲೆ ಹರಿದು ಅದಕ್ಕೇ ಹಾಕಿಬಿಡೋಣ ಎಂದು ಕತ್ತರಿ ತೆಗೆದೆ. ಯಾಕೋ ಕೈ ಬರಲಿಲ್ಲ, ನಾಯಿಯನ್ನು ಗದರಿ ದೂಡಿದೆ.

ಹತ್ತಿಳಿದು ಬಂದವರು ಮುಖ ಸ್ವಲ್ಪ ಸುಟ್ಟುಕೊಂಡು, ತುಟಿ ಒಡೆದುಕೊಂಡು, ಎಲ್ಲರೂ ಒಟ್ಟಿಗೇ ಮಾತಾಡುತ್ತ ಬಂದರು. ನನ್ನನ್ನು ನೋಡಿದ ಕೂಡಲೇ ಸುಮ್ಮನಾದರು. ಅವರು ಸುಮ್ಮನಾದದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಗೆಳತಿ ಪಕ್ಕ ಕೂತು ಬೆಳ್ಳುಳ್ಳಿಯ ಬುಟ್ಟಿ ತನ್ನ ಕಡೆ ಎಳೆದುಕೊಂಡಳು. ಹಿಮ ಹೇಗಿತ್ತು ಎಂದು ನಾನು ಕೇಳಲಿಲ್ಲ.

ವಾಪಸು ರೈಲಿನುದ್ದಕ್ಕೂ ವೈನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿದೆ. ಈ ಸಲ ಬಾತುಕೋಳಿಯನ್ನೂ ಬಿಡುವುದಿಲ್ಲ, ಅರವತ್ತರ ನಿಯಮವನ್ನೂ ಬಿಡುವುದಿಲ್ಲ, ನೀವು ನನ್ನ ಜನ್ಮದ ಒಂದೇ ಆಸೆಯನ್ನು ಸೂಜಿಯಿಂದ ಚುಚ್ಚಿ ಕೊಂದಿರಿ ಎಂದೇ ಹೇಳುತ್ತೇನೆ. ಪಾಠ ಒಪ್ಪಿಸುವ ಮಕ್ಕಳ ಹಾಗೆ ಮತ್ತೆ ಮತ್ತೆ ಹೇಳಿಕೊಂಡೆ. ನಿಪ್ಪಾಣಿಯಲ್ಲಿ ಬಸ್ಸಿಳಿದು ಅಕ್ಕೋಳದ ಆಟೋ ಹತ್ತುವಾಗಲೂ ತುಟಿ ಅಲುಗುತ್ತಿತ್ತು.

ವೈನಿ ಬಾಗಿಲಲ್ಲೇ ನಿಂತಿದ್ದರು. ಕೈಯ ಚೀಲ ಕೆಳಗಿಡಲೂ ಬಿಡದೆ ನನ್ನನ್ನು ಹಿಡಿದು ತಿರುಗಿಸಿ, ಬೆನ್ನಿಗೆ ಕಿವಿ ಹಚ್ಚಿ ನಿಂತರು. ಆಸ್ಪತ್ರೆಯಲ್ಲಿ ಹಾಗೆ ಮಾಡುತ್ತಿದ್ದರು.

"ಉಸಿರ ತಗೋ."

ತೆಗೆದುಕೊಂಡೆ.

"ಸಪ್ಪಳ ಇಲ್ಲ" ಎಂದು ಅವರು ತಮಗೆ ತಾವೇ ಹೇಳಿಕೊಂಡರು. "ಥಂಡಿ ಹತ್ತಲಿಲ್ಲ ಹೌದಿಲ್ಲ?"

ಜೋಡಿಸಿಟ್ಟ ಮಾತೆಲ್ಲ ಬಾಯಿಗೆ ಬಂದಿತ್ತು. ಆದರೆ ಅವರು ಕೇಳಿದ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ, ಅದೂ ನಿಜವಾದ ಉತ್ತರ. ಸ್ಟೋವಿನ ಪಕ್ಕ ಕೂತವಳಿಗೆ ಎಲ್ಲಿಯ ಥಂಡಿ.

"ಹತ್ತಲಿಲ್ರಿ."

"ಕೇಳಿದ್ರಿಲ್ಲ?" ಎಂದು ವೈನಿ ಒಳಗಿದ್ದ ಅಣ್ಣನಿಗೆ ಕೂಗಿ ಹೇಳಿದರು. ನಾನು ಅವರನ್ನು ಅಷ್ಟು ಖುಷಿಯಲ್ಲಿ ನೋಡಿ ಬಹಳ ದಿನವಾಗಿತ್ತು. ನನ್ನ ಚೀಲವನ್ನು ತಾವೇ ಎತ್ತಿಕೊಂಡು ಪಡಸಾಲೆಗೆ ಹೋಗಿ, ಜಾಕೆಟ್ಟು ಹೊರಗೆಳೆದು ತೊಡೆಯ ಮೇಲೆ ಹರವಿದರು. "ನಾನ ಸುಮ್ಮಸುಮ್ಮನ ಅಂಜಿಕಿಲೆ ಬ್ಯಾಡಬ್ಯಾಡ ಅಂತಿದ್ದೆ ಬಾಯಾರ. ಇನ್ನ ಪ್ರತಿ ವರ್ಷಾ ಹೋಗಿ ಬಾ. ನಾ ಒಂದ ಮಾತ ಅನ್ನೂದಿಲ್ಲ" ಎಂದರು.

ನಾನು ಕಂಬಕ್ಕೆ ಆತು ಕೂತೆ. ವೈನಿ ಎಡತೋಳಿನ ಮೇಲೆ ಕೈಯಾಡಿಸುತ್ತ ಬಂದು ನಾನು ರೈಲಿನಲ್ಲಿ ಬಿಚ್ಚಿದ ಕಡೆ ನಿಲ್ಲಿಸಿದರು. "ಇಲ್ಲಿ ದಾರ ಹೋಗೈತಿ ನೋಡು. ಬ್ಯಾಗಿಗೆ ಜಗ್ಗಿರಬೇಕು. ಇರ್ಲಿ, ಬರೂ ವರ್ಷಕ್ಕ ಈಗ ಮಾಡಿ ಇಡ್ತೇನಿ" ಎಂದು ಡಬ್ಬಿಯಿಂದ ಸೂಜಿ ಮತ್ತು ಕೆಂಪು ದಾರದ ಉಂಡೆ ತೆಗೆದರು. ಬೆಳಕಿಗೆ ಹಿಡಿದು ಎರಡು ಮೂರು ಸಲ ನೋಡಿದರು, ದಾರ ಸೂಜಿಯ ಕಣ್ಣಿಗೆ ಕೂಡಲಿಲ್ಲ. ನನ್ನ ಕಡೆ ಚಾಚಿದರು.

"ನನಗ ಕಾಣವಲ್ದು. ಪೋಣಿಸಿ ಕೊಡ."

ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಪೋಣಿಸಿ ಕೊಟ್ಟೆ.